ಕೆಮಿಸ್ಟ್ರಿ ಓದಿದ್ದು ಮರೆಯದಂತೆ ಕಲಿಯುವುದು ಹೇಗೆ: ಹಂತ ಹಂತದ ಮಾರ್ಗದರ್ಶಿ

ಪಾಠವನ್ನು ನಾಲ್ಕು ಸಲ ಓದಿ ಆಗಿದೆ. ಮುಖ್ಯವಾದ ಸಾಲುಗಳೆಲ್ಲ ಹಳದಿ ಬಣ್ಣದಲ್ಲಿ ಹೊಳೆಯುತ್ತಿವೆ. ಓದುವಾಗ ಎಲ್ಲ ಅರ್ಥವೂ ಆಗಿತ್ತು. ವಾರ ಬಿಟ್ಟು ಅದೇ ಪಾಠದ ಒಂದು ಪ್ರಶ್ನೆ ಎದುರಾದರೆ ತಲೆ ಖಾಲಿ. ಆಗ ಹೆಚ್ಚಿನವರು ಮಾಡುವುದು ಒಂದೇ ಕೆಲಸ: ಐದನೇ ಸಲ ಓದುವುದು.

ತೊಂದರೆ ಹೆಚ್ಚಿನ ಸಲ ಇರುವುದು ಕ್ರಮದಲ್ಲಿ. ಕೆಮಿಸ್ಟ್ರಿಯಲ್ಲಿ ಬಾಯಿಪಾಠ ಮಾಡಲೇಬೇಕಾದ ವಿಷಯ ಸ್ವಲ್ಪ ಇದೆ. ಉಳಿದ ಬಹುಪಾಲನ್ನು ಅದರ ಮೇಲೆ ನಿಂತು ನಾವೇ ಹೊರಡಿಸಿಕೊಳ್ಳಬೇಕು. ಆದರೆ ಜನ ಇದನ್ನು ಉಲ್ಟಾ ಮಾಡುತ್ತಾರೆ. ಬಾಯಿಪಾಠ ಆಗಬೇಕಾದ್ದನ್ನು ‘ನೋಡಿದರೆ ಗೊತ್ತಾಗುತ್ತೆ ಬಿಡು’ ಎಂದು ಬಿಡುತ್ತಾರೆ, ಯೋಚಿಸಿ ಬಿಡಿಸಬೇಕಾದ್ದನ್ನು ಉರು ಹೊಡೆಯುತ್ತಾರೆ. ಕೆಳಗಿನ ಹಂತಗಳನ್ನು ಇಲ್ಲಿರುವ ಕ್ರಮದಲ್ಲೇ ಮಾಡಿ. ಎರಡನೆಯದು ಗಟ್ಟಿಯಾಗದೆ ಆರನೆಯದಕ್ಕೆ ಹಾರಿದರೆ ಮತ್ತೆ ಅದೇ ಕಥೆ.

## ಮೊದಲು ಇವನ್ನು ಜೋಡಿಸಿಕೊಳ್ಳಿ

ಹೆಚ್ಚೇನೂ ಬೇಡ. ಖಾಲಿ ಹಾಳೆಗಳ ಒಂದು ಕಟ್ಟು, ಅಂಗೈಯಗಲದ ನೂರು ರಟ್ಟಿನ ಕಾರ್ಡುಗಳು, ಎರಡು ಬಣ್ಣದ ಪೆನ್ನು, ಸಾದಾ ಕ್ಯಾಲ್ಕ್ಯುಲೇಟರ್, ಅಲಾರಂ, ಮತ್ತೆ ತಪ್ಪುಗಳಿಗೆಂದೇ ಒಂದು ಪ್ರತ್ಯೇಕ ನೋಟ್‌ಬುಕ್. ಕಾರ್ಡುಗಳ ಬದಲು ಮೊಬೈಲ್ ಆ್ಯಪ್ ಬಳಸಬಹುದು. ಆದರೆ ಅಣುವಿನ ಚಿತ್ರ, ಬಾಣದ ಗುರುತುಗಳನ್ನು ಕೈಯಲ್ಲೇ ಬರೆದು ರೂಢಿ ಆಗಬೇಕು. ಅದಕ್ಕೇ ನನ್ನ ಓಟು ಕಾಗದಕ್ಕೆ.

ಹೈಲೈಟರ್ ಈ ಪಟ್ಟಿಯಲ್ಲಿ ಬೇಕಂತಲೇ ಇಲ್ಲ.

## ಹಂತ 1: ಎಲ್ಲಿ ಸೋರುತ್ತಿದೆ ಅಂತ ಪತ್ತೆ ಮಾಡಿ

ಪುಸ್ತಕ ಮುಚ್ಚಿ. 20 ನಿಮಿಷಕ್ಕೆ ಅಲಾರಂ ಇಟ್ಟು ಈ ನಾಲ್ಕಕ್ಕೆ ಉತ್ತರ ಬರೆಯಿರಿ.

1. ಅಲ್ಯೂಮಿನಿಯಂ ಸಲ್ಫೇಟ್‌ನ ಸೂತ್ರ ಏನು?
2. ಬ್ಯೂಟೇನ್ (4 ಕಾರ್ಬನ್, 10 ಹೈಡ್ರೋಜನ್) ಪೂರ್ತಿ ಉರಿಯುವ ಸಮೀಕರಣವನ್ನು ಸರಿದೂಗಿಸಿ.
3. 5.4 ಗ್ರಾಂ ಅಲ್ಯೂಮಿನಿಯಂ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಪೂರ್ತಿ ಕರಗಿದರೆ ಎಷ್ಟು ಗ್ರಾಂ ಹೈಡ್ರೋಜನ್ ಬರುತ್ತದೆ?
4. ಸೋಡಿಯಂ, ಮೆಗ್ನೀಸಿಯಂ ಎರಡರಲ್ಲಿ ಯಾವ ಪರಮಾಣು ದೊಡ್ಡದು? ಯಾಕೆ?

ಉತ್ತರಗಳು: ಎರಡು ಅಲ್ಯೂಮಿನಿಯಂಗೆ ಮೂರು ಸಲ್ಫೇಟ್. ಎರಡು ಬ್ಯೂಟೇನ್ ಮತ್ತು 13 ಆಕ್ಸಿಜನ್ ಸೇರಿ 8 ಕಾರ್ಬನ್ ಡೈಆಕ್ಸೈಡ್, 10 ನೀರು. ಹೈಡ್ರೋಜನ್ 0.6 ಗ್ರಾಂ. ದೊಡ್ಡದು ಸೋಡಿಯಂ.

ಮೊದಲನೆಯದು ತಪ್ಪಿದ್ದರೆ ನಿಮಗೆ ಅಯಾನುಗಳು (ಆವೇಶ ಹೊತ್ತ ಕಣಗಳು) ಬಾಯಿಗೆ ಬಂದಿಲ್ಲ, ಹಂತ 2 ನಿಮ್ಮದು. ನಾಲ್ಕನೆಯದರ ‘ಯಾಕೆ’ ಬರದಿದ್ದರೆ ಹಂತ 3. ಎರಡು, ಮೂರು ಕೈಕೊಟ್ಟಿದ್ದರೆ ಹಂತ 5ರಲ್ಲಿ ಜಾಸ್ತಿ ಹೊತ್ತು ಕೂರಬೇಕು. ಎಷ್ಟೋ ಜನ ‘ನನಗೆ ಸಾವಯವ ರಸಾಯನಶಾಸ್ತ್ರ (ಕಾರ್ಬನ್ ಸಂಯುಕ್ತಗಳ ಭಾಗ) ಕಷ್ಟ’ ಎನ್ನುತ್ತಾರೆ. ಕೂರಿಸಿ ನೋಡಿದರೆ ಅವರು ಎಡವುವುದು ಕಾರ್ಬನ್‌ಗೆ ನಾಲ್ಕೇ ಬಂಧ ಎನ್ನುವಲ್ಲಿ.

## ಹಂತ 2: ಅಕ್ಷರಮಾಲೆ ಬಾಯಿಪಾಠ ಮಾಡಿ

ಇಲ್ಲಿ ಯೋಚನೆಗೆ ಕೆಲಸ ಕಡಿಮೆ. ಮಗ್ಗಿ ಕಲಿತ ಹಾಗೆ ಕಲಿಯಬೇಕು. ಪಟ್ಟಿ ಚಿಕ್ಕದು:

- ಮೊದಲ 20 ಧಾತುಗಳು, ಸಂಖ್ಯೆಯ ಸಮೇತ. ಜೊತೆಗೆ ಪದೇ ಪದೇ ಬರುವ ಕಬ್ಬಿಣ, ತಾಮ್ರ, ಸತು, ಬೆಳ್ಳಿ, ಸೀಸ, ಬೇರಿಯಂ, ಬ್ರೋಮಿನ್, ಅಯೋಡಿನ್.
- ಇವುಗಳ ವೇಲೆನ್ಸಿ, ಅಂದರೆ ಬೇರೆ ಧಾತುಗಳ ಜೊತೆ ಕೂಡುವ ಸಾಮರ್ಥ್ಯದ ಅಂಕಿ. ಕಬ್ಬಿಣಕ್ಕೆ 2 ಮತ್ತು 3, ತಾಮ್ರಕ್ಕೆ 1 ಮತ್ತು 2 ಎನ್ನುವಂಥ ಎರಡು ಮುಖದವು ಬೇರೆ ಕಾರ್ಡಿನಲ್ಲಿ.
- ಗುಂಪು ಅಯಾನುಗಳು: ಹೈಡ್ರಾಕ್ಸೈಡ್, ನೈಟ್ರೇಟ್, ಕಾರ್ಬೊನೇಟ್, ಸಲ್ಫೇಟ್, ಫಾಸ್ಫೇಟ್, ಅಮೋನಿಯಂ. ಸೂತ್ರ ಮತ್ತು ಆವೇಶ ಎರಡೂ.

ಚಿಹ್ನೆಗೂ ಹೆಸರಿಗೂ ಹೊಂದದ ಧಾತುಗಳು ಹೊಸಬರನ್ನು ಕಾಡುತ್ತವೆ. ಅವುಗಳ ಹಳೇ ಲ್ಯಾಟಿನ್ ಹೆಸರನ್ನು ಕಾರ್ಡಿನಲ್ಲೇ ಬರೆದುಬಿಡಿ. ಸೋಡಿಯಂ ಎಂದರೆ ನೇಟ್ರಿಯಂ, ಪೊಟ್ಯಾಸಿಯಂ ಎಂದರೆ ಕೇಲಿಯಂ, ಕಬ್ಬಿಣ ಫೆರಂ, ಸೀಸ ಪ್ಲಂಬಂ, ಬೆಳ್ಳಿ ಅರ್ಜೆಂಟಂ. ಹೆಸರು ಗೊತ್ತಾದ ಮೇಲೆ ಚಿಹ್ನೆ ತಾನಾಗಿ ಕೂರುತ್ತದೆ.

ಅಯಾನುಗಳಲ್ಲೂ ಅರ್ಧ ಕೆಲಸ ಉಳಿಸುವ ದಾರಿ ಒಂದಿದೆ. ‘ಏಟ್’ ಎಂದು ಮುಗಿಯುವುದನ್ನು ಮಾತ್ರ ಕಲಿಯಿರಿ. ಅದರಲ್ಲಿ ಒಂದು ಆಕ್ಸಿಜನ್ ತೆಗೆದರೆ ‘ಐಟ್’, ಆವೇಶ ಅಷ್ಟೇ ಇರುತ್ತದೆ. ಸಲ್ಫೇಟ್‌ನಲ್ಲಿ 4 ಆಕ್ಸಿಜನ್, ಆವೇಶ ಮೈನಸ್ 2. ಸಲ್ಫೈಟ್‌ನಲ್ಲಿ 3 ಆಕ್ಸಿಜನ್, ಆವೇಶ ಆಗಲೂ ಮೈನಸ್ 2. ನೈಟ್ರೇಟ್ 3, ನೈಟ್ರೈಟ್ 2, ಎರಡಕ್ಕೂ ಮೈನಸ್ 1. ‘ಐಡ್’ ಎಂದು ಮುಗಿದರೆ ಸಾಮಾನ್ಯವಾಗಿ ಆಕ್ಸಿಜನ್ನೇ ಸೇರಿರದ ಒಂಟಿ ಧಾತು: ಸಲ್ಫೈಡ್, ನೈಟ್ರೈಡ್, ಕ್ಲೋರೈಡ್. ಹೈಡ್ರಾಕ್ಸೈಡ್‌ನಂಥ ಕೆಲವು ಈ ಗುಂಪಿಗೆ ನುಗ್ಗಿದ ತರಲೆಗಳು.

ಕಾರ್ಡ್ ಮಾಡುವಾಗ ಆಗುವ ತಪ್ಪು: ಒಂದೇ ಕಾರ್ಡಿಗೆ ಆರು ವಿಷಯ ತುರುಕುವುದು. ಒಂದು ಕಾರ್ಡಿಗೆ ಒಂದೇ ಪ್ರಶ್ನೆ. ಇನ್ನೊಂದು ತಪ್ಪು, ಒಂದೇ ಕಡೆಯಿಂದ ಕೇಳಿಕೊಳ್ಳುವುದು. ಹೆಸರು ನೋಡಿ ಸೂತ್ರ ಹೇಳಬೇಕು, ಸೂತ್ರ ನೋಡಿ ಹೆಸರೂ ಹೇಳಬೇಕು. ಒಂದು ದಿಕ್ಕಿನಲ್ಲಿ ಕಲಿತದ್ದು ಇನ್ನೊಂದು ದಿಕ್ಕಿನಲ್ಲಿ ಬರುತ್ತದೆ ಎಂಬ ಭರವಸೆ ಇಲ್ಲ.

ಮೊದಲಕ್ಷರ ಕಟ್ಟಿ ಮಾಡುವ ತಮಾಷೆ ವಾಕ್ಯಗಳು? ಆರಂಭಕ್ಕೆ ಪರವಾಗಿಲ್ಲ. ಆದರೆ ಪ್ರತಿ ಸಲ ವಾಕ್ಯದ ಮೊದಲಿನಿಂದ ಎಣಿಸಿಕೊಂಡು ಬಂದರೇನೇ ರಂಜಕ ಸಿಗುತ್ತದೆ ಎಂದರೆ ಅದು ಇನ್ನೂ ಗೊತ್ತಾಗಿಲ್ಲ ಅಂತಲೇ ಅರ್ಥ. ಯಾವ ಧಾತು ಕೇಳಿದರೂ ಎರಡು ಸೆಕೆಂಡಿನಲ್ಲಿ ಉತ್ತರ ಬರಬೇಕು.

## ಹಂತ 3: ಆವರ್ತಕ ಕೋಷ್ಟಕದ ಹಿಂದಿರುವ ಜಗ್ಗಾಟ

118 ಧಾತುಗಳ ಗುಣಗಳನ್ನು ಉರು ಹೊಡೆಯಲು ಆಗುವುದಿಲ್ಲ, ಬೇಕಾಗಿಯೂ ಇಲ್ಲ. ಎರಡು ಪ್ರಶ್ನೆ ಕೇಳಿಕೊಂಡರೆ ಬಹಳಷ್ಟು ಬಿಡಿಸಬಹುದು. ನಡುವಿನಿಂದ ಎಷ್ಟು ಪ್ರೋಟಾನ್ ಎಳೆಯುತ್ತಿವೆ? ಹೊರಗಿನ ಎಲೆಕ್ಟ್ರಾನ್ ಎಷ್ಟು ದೂರದಲ್ಲಿದೆ?

ಸೋಡಿಯಂನಿಂದ ಕ್ಲೋರಿನ್‌ವರೆಗೆ ಬನ್ನಿ. ಎಲೆಕ್ಟ್ರಾನ್‌ಗಳ ಕವಚಗಳು ಮೂರೇ. ಪ್ರೋಟಾನ್‌ಗಳು ಮಾತ್ರ 11ರಿಂದ 17ಕ್ಕೆ ಏರುತ್ತವೆ. ಎಳೆತ ಜಾಸ್ತಿ, ಪರಮಾಣು ಚಿಕ್ಕದು, ಎಲೆಕ್ಟ್ರಾನ್ ಕಿತ್ತುಕೊಳ್ಳುವುದು ಕಷ್ಟ. ಇನ್ನು ಲೀಥಿಯಂನಿಂದ ಪೊಟ್ಯಾಸಿಯಂಗೆ ಇಳಿಯಿರಿ. ಪ್ರತಿ ಸಾಲಿಗೂ ಒಂದು ಹೊಸ ಕವಚ. ಹೊರಗಿನ ಎಲೆಕ್ಟ್ರಾನ್ ದೂರ ಹೋಯಿತು, ಹಿಡಿತ ಸಡಿಲವಾಯಿತು. ಪೊಟ್ಯಾಸಿಯಂ ನೀರಿನಲ್ಲಿ ಲೀಥಿಯಂಗಿಂತ ಜೋರಾಗಿ ಹಾರಾಡುವುದು ಇದಕ್ಕೇ.

ಅಭ್ಯಾಸ ಹೀಗೆ: ಖಾಲಿ ಹಾಳೆಯಲ್ಲಿ ಮೊದಲ 20 ಧಾತುಗಳ ಕೋಷ್ಟಕ ಬರೆಯಿರಿ. ಎಡದಿಂದ ಬಲಕ್ಕೆ, ಮೇಲಿನಿಂದ ಕೆಳಕ್ಕೆ ಬಾಣ ಹಾಕಿ. ಗಾತ್ರ, ಅಯಾನೀಕರಣ ಶಕ್ತಿ (ಎಲೆಕ್ಟ್ರಾನ್ ಕೀಳಲು ಬೇಕಾದ ಶಕ್ತಿ), ಎಲೆಕ್ಟ್ರೊನೆಗೆಟಿವಿಟಿ (ಬಂಧದ ಎಲೆಕ್ಟ್ರಾನನ್ನು ತನ್ನತ್ತ ಎಳೆಯುವ ಗುಣ) ಯಾವ ಕಡೆ ಏರುತ್ತದೆ ಎಂದು ಬರೆದು ಪಕ್ಕದಲ್ಲಿ ಕಾರಣವನ್ನು ಒಂದೇ ಸಾಲಿನಲ್ಲಿ ಬರೆಯಿರಿ. ಕಾರಣವಿಲ್ಲದ ಬಾಣ ಬರೆದರೂ ಒಂದೇ, ಬಿಟ್ಟರೂ ಒಂದೇ.

ನಿಯಮ ಕೂತ ಮೇಲೆ ಅದನ್ನು ಮುರಿಯುವವರನ್ನು ಕರೆಯಿರಿ. ಆಕ್ಸಿಜನ್‌ಗೆ ನೈಟ್ರೋಜನ್‌ಗಿಂತ ಒಂದು ಪ್ರೋಟಾನ್ ಜಾಸ್ತಿ. ಆದರೂ ಅದರ ಮೊದಲ ಎಲೆಕ್ಟ್ರಾನನ್ನು ಕೀಳುವುದು ಸುಲಭ. ಯಾಕೆಂದರೆ ಆಕ್ಸಿಜನ್‌ನಲ್ಲಿ ಒಂದೇ ಕೋಣೆಯಲ್ಲಿ ಎರಡು ಎಲೆಕ್ಟ್ರಾನ್ ಒಟ್ಟಿಗಿದ್ದು ಒಂದನ್ನೊಂದು ದೂಡುತ್ತವೆ. ಇಂಥ ಅಪವಾದಗಳಿಗೆ ಬೇರೆ ಬಣ್ಣದ ಕಾರ್ಡ್ ಮಾಡಿ. ಪರೀಕ್ಷೆಯಲ್ಲಿ ಕೇಳುವುದು ಇವನ್ನೇ ಅಲ್ವಾ.

## ಹಂತ 4: ಒಂದು ಪಾಠವನ್ನು ಓದುವ ಕ್ರಮ

1. ಪಾಠದ ಕೊನೆಯ ಪ್ರಶ್ನೆಗಳನ್ನು ಮೊದಲು ಓದಿ. ಉತ್ತರ ಬರದಿದ್ದರೂ ಸರಿ. ಏನು ಹುಡುಕುತ್ತಾ ಓದಬೇಕು ಎಂದು ತಲೆಗೆ ಗೊತ್ತಾಗುತ್ತದೆ.
2. 25 ನಿಮಿಷ ಓದಿ. ಬರೆಯಬೇಡಿ, ಗೀಟು ಎಳೆಯಬೇಡಿ.
3. ಪುಸ್ತಕ ಮುಚ್ಚಿ ಖಾಲಿ ಹಾಳೆಯಲ್ಲಿ ನೆನಪಿರುವುದನ್ನೆಲ್ಲ ಬರೆಯಿರಿ: ಸಮೀಕರಣ, ಚಿತ್ರ, ಕಾರಣ. 10 ನಿಮಿಷ.
4. ಪುಸ್ತಕ ತೆರೆದು ಬಿಟ್ಟುಹೋದದ್ದನ್ನು ಇನ್ನೊಂದು ಬಣ್ಣದಲ್ಲಿ ತುಂಬಿ.
5. ಮಾರನೇ ದಿನ, ಆ ಬೇರೆ ಬಣ್ಣದಲ್ಲಿ ಬರೆದದ್ದನ್ನು ಮಾತ್ರ ಮತ್ತೆ ನೆನಪಿನಿಂದ ಬರೆಯಿರಿ.

ಮೂರನೇ ಮೆಟ್ಟಿಲಲ್ಲಿ ಎಲ್ಲರಿಗೂ ಸಿಟ್ಟು ಬರುತ್ತದೆ. ಈಗ ತಾನೇ ಓದಿದ್ದು, ಹಾಳೆಯ ಕಾಲು ಭಾಗವೂ ತುಂಬುವುದಿಲ್ಲ. ಬಹಳ ಜನ ಬಿಟ್ಟು ಓಡುವುದು ಇಲ್ಲೇ. ನೆನಪಿಗೆ ಹುಡುಕಾಡುವ ಆ ಪರದಾಟದಲ್ಲೇ ವಿಷಯ ಒಳಗೆ ಇಳಿಯುತ್ತಿರುತ್ತದೆ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕಿ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಇದನ್ನು ಪರೀಕ್ಷೆ ಮಾಡಿ ನೋಡಿದರು. ಕೆಲವರು ಒಂದು ಬರಹವನ್ನು ಮತ್ತೆ ಓದಿದರು, ಕೆಲವರು ಅದನ್ನು ನೆನಪಿನಿಂದ ಬರೆದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದವರೇ ಮುಂದು. ಒಂದು ವಾರದ ನಂತರ ಕೇಳಿದಾಗ ನೆನಪಿನಿಂದ ಬರೆದವರು ಮುಂದು. ಮತ್ತೆ ಮತ್ತೆ ಓದುವುದು ಮೋಸ ಮಾಡುವುದು ಹೀಗೆ: ಅದು ಕೆಲಸ ಮಾಡುತ್ತಿದೆ ಎಂದು ಆ ಕ್ಷಣಕ್ಕೆ ಖಂಡಿತ ಅನ್ನಿಸುತ್ತದೆ.

## ಹಂತ 5: ಲೆಕ್ಕ, ಅದರಲ್ಲೂ ಮೋಲ್

ಬಿಡಿಸಿದ ಉದಾಹರಣೆಯನ್ನು ಕಣ್ಣಿನಲ್ಲಿ ಓದಿದರೆ ಲೆಕ್ಕ ಬರುವುದಿಲ್ಲ. ಉದಾಹರಣೆಯ ಮೇಲೆ ಕಾಗದ ಮುಚ್ಚಿ. ಮೊದಲ ಸಾಲು ನೀವೇ ಬರೆಯಿರಿ, ಕಾಗದವನ್ನು ಒಂದು ಸಾಲು ಸರಿಸಿ ಹೋಲಿಸಿ. ಹೀಗೆ ಕೊನೆಯವರೆಗೆ. ಆಮೇಲೆ ಅದೇ ಲೆಕ್ಕವನ್ನು ಅಂಕಿ ಬದಲಿಸಿ ಏನೂ ನೋಡದೆ ಮಾಡಿ.

ಮೊದಲು ಸಮೀಕರಣ ಸರಿದೂಗಿಸುವುದು. ಸೂತ್ರದ ಒಳಗಿನ ಪುಟ್ಟ ಅಂಕಿಯನ್ನು ಯಾವತ್ತೂ ಮುಟ್ಟಬೇಡಿ. ಆಕ್ಸಿಜನ್ ಕಡಿಮೆ ಬಿತ್ತೆಂದು ನೀರಿಗೆ ಇನ್ನೊಂದು ಆಕ್ಸಿಜನ್ ಸೇರಿಸಿದರೆ ಅದು ಹೈಡ್ರೋಜನ್ ಪೆರಾಕ್ಸೈಡ್, ಬೇರೆಯದೇ ವಸ್ತು. ಬದಲಿಸಬೇಕಾದ್ದು ಸೂತ್ರದ ಮುಂದಿನ ಅಂಕಿ. ಉರಿಯುವ ಕ್ರಿಯೆಗಳಲ್ಲಿ ಮೊದಲು ಕಾರ್ಬನ್, ಆಮೇಲೆ ಹೈಡ್ರೋಜನ್, ಕೊನೆಗೆ ಆಕ್ಸಿಜನ್. ಬ್ಯೂಟೇನ್‌ನಲ್ಲಿ ಆಕ್ಸಿಜನ್ ಆರೂವರೆ ಬಂದರೆ ಗಾಬರಿ ಬೇಡ. ಎಲ್ಲವನ್ನೂ ಎರಡರಿಂದ ಗುಣಿಸಿ, 13 ಆಯಿತು.

ಈಗ ಹಂತ 1ರ ಮೂರನೇ ಲೆಕ್ಕ. ಎರಡು ಅಲ್ಯೂಮಿನಿಯಂ ಮತ್ತು ಆರು ಹೈಡ್ರೋಕ್ಲೋರಿಕ್ ಆಮ್ಲ ಸೇರಿ ಎರಡು ಅಲ್ಯೂಮಿನಿಯಂ ಕ್ಲೋರೈಡ್, ಮೂರು ಹೈಡ್ರೋಜನ್ ಅಣು ಕೊಡುತ್ತವೆ. ಮೋಲ್ ಎಂದರೆ ಡಜನ್ ಇದ್ದ ಹಾಗೆ ಒಂದು ಎಣಿಕೆ. ದಾರಿ ಯಾವಾಗಲೂ ಇದೇ: ಗ್ರಾಂನಿಂದ ಮೋಲ್, ಮೋಲ್‌ನಿಂದ ಮೋಲ್, ಮೋಲ್‌ನಿಂದ ಗ್ರಾಂ.

- 5.4 ಗ್ರಾಂ ಅನ್ನು 27ರಿಂದ (ಒಂದು ಮೋಲ್ ಅಲ್ಯೂಮಿನಿಯಂನ ಗ್ರಾಂ ತೂಕ) ಭಾಗಿಸಿ: 0.2 ಮೋಲ್ ಅಲ್ಯೂಮಿನಿಯಂ.
- ಎರಡಕ್ಕೆ ಮೂರು: 0.3 ಮೋಲ್ ಹೈಡ್ರೋಜನ್.
- 0.3 ಅನ್ನು 2ರಿಂದ (ಒಂದು ಮೋಲ್ ಹೈಡ್ರೋಜನ್ ಅಣುವಿನ ಗ್ರಾಂ ತೂಕ) ಗುಣಿಸಿ: 0.6 ಗ್ರಾಂ.

ಈ ಲೆಕ್ಕ ನನಗೆ ಮರೆಯದಿರಲು ಕಾರಣ ಇದೆ. ಒಂದು ಕಿರುಪರೀಕ್ಷೆಯಲ್ಲಿ ನಾನು ಎರಡಕ್ಕೆ ಮೂರು ಎನ್ನುವುದನ್ನು ನೇರ ಗ್ರಾಂಗೆ ಹಾಕಿ 8.1 ಎಂದು ಬರೆದು ಖುಷಿಯಿಂದ ಪೇಪರ್ ಕೊಟ್ಟು ಬಂದಿದ್ದೆ. 8.1 ಗ್ರಾಂ ಹೈಡ್ರೋಜನ್ ಎಂದರೆ 0 ಡಿಗ್ರಿ, 1 ಅಟ್ಮಾಸ್ಫಿಯರ್‌ನಲ್ಲಿ ಸುಮಾರು 90 ಲೀಟರ್ ಅನಿಲ. 5.4 ಗ್ರಾಂ ಅಲ್ಯೂಮಿನಿಯಂ ಇರುವುದು ಎರಡು ಘನ ಸೆಂಟಿಮೀಟರ್, ಒಂದು ಚಿಕ್ಕ ತುಂಡು. ಸಮೀಕರಣದ ಮುಂದಿನ ಅಂಕಿಗಳು ಮೋಲ್‌ಗಳ ಲೆಕ್ಕ, ಗ್ರಾಂಗಳದ್ದಲ್ಲ. ಮೋಲ್ ಎಂದರೆ ಡಜನ್ ಇದ್ದ ಹಾಗೆ ಒಂದು ಎಣಿಕೆ. 2019ರಿಂದ ಮೋಲ್ ಎಂಬ ಎಣಿಕೆ ಕರಾರುವಾಕ್ಕಾಗಿ 6.02214076 × 10²³ ಎಂದು ನಿಗದಿಯಾಗಿದೆ.

ಪದೇ ಪದೇ ಕಾಣುವ ಇನ್ನೂ ಕೆಲವು ಎಡವಟ್ಟುಗಳು:

- ಅನಿಲದ ಲೆಕ್ಕದಲ್ಲಿ ಸೆಲ್ಸಿಯಸ್ ಹಾಗೇ ಬಿಡುವುದು. 273.15 ಕೂಡಿಸಿ ಕೆಲ್ವಿನ್ ಮಾಡಿ.
- ಒಂದು ಮೋಲ್ ಅನಿಲ ಎಂದರೆ ಕಣ್ಣು ಮುಚ್ಚಿ 22.4 ಲೀಟರ್ ಬರೆಯುವುದು. ಅದು 0 ಡಿಗ್ರಿ, 1 ಅಟ್ಮಾಸ್ಫಿಯರ್‌ಗೆ. ಒತ್ತಡ 1 ಬಾರ್ ಎಂದಿದ್ದರೆ 22.7.
- ಅನಿಲ ಸ್ಥಿರಾಂಕಕ್ಕೆ ಜೌಲ್ ಇದ್ದಾಗ 8.314, ಲೀಟರ್-ಅಟ್ಮಾಸ್ಫಿಯರ್ ಇದ್ದಾಗ 0.0821. ಯೂನಿಟ್ ನೋಡದೆ ಹಾಕಿದರೆ ಉತ್ತರ ಎಲ್ಲಿಗೋ ಹೋಗುತ್ತದೆ.
- ಎಂಥಾಲ್ಪಿ ಕಿಲೋಜೌಲ್‌ನಲ್ಲಿ, ಎಂಟ್ರೊಪಿ ಜೌಲ್‌ನಲ್ಲಿ ಕೊಟ್ಟಿರುತ್ತಾರೆ. ಗಿಬ್ಸ್ ಶಕ್ತಿ ತೆಗೆಯಲು ಎಂಥಾಲ್ಪಿಯಿಂದ ತಾಪಮಾನ × ಎಂಟ್ರೊಪಿಯನ್ನು ಹಾಗೇ ಕಳೆದರೆ ಎಂಟ್ರೊಪಿಯ ಭಾಗ ಸಾವಿರ ಪಟ್ಟು ತಪ್ಪು.

ಪ್ರತಿ ಸಾಲಿನಲ್ಲೂ ಯೂನಿಟ್ ಬರೆಯುವುದೇ ಇದಕ್ಕೆಲ್ಲ ಮದ್ದು. ಬೇಸರದ ಕೆಲಸ, ಆದರೂ ಬರೆಯಿರಿ.

## ಹಂತ 6: ಸಾವಯವ ಕ್ರಿಯೆಗಳನ್ನು ನಕ್ಷೆ ಮಾಡಿ

ಇನ್ನೂ ಈ ಭಾಗಕ್ಕೆ ಬಂದಿಲ್ಲದವರು ಮುಂದಿನ ಹಂತಕ್ಕೆ ಹೋಗಿ.

ನೂರು ಕ್ರಿಯೆಗಳ ಪಟ್ಟಿಯನ್ನು ಯಾರೂ ನೆನಪಿಡಲಾರರು. ದೊಡ್ಡ ಹಾಳೆಯ ನಡುವೆ ಎಥನಾಲ್ ಎಂದು ಬರೆಯಿರಿ. ಅಲ್ಲಿಂದ ದಾರಿಗಳನ್ನು ಎಳೆಯುತ್ತಾ ಹೋಗಿ. ಆಕ್ಸಿಡೈಸ್ ಮಾಡಿದರೆ ಎಥನಲ್ (ಎಥನಾಲ್‌ ಜೊತೆ ಗೊಂದಲ ಬೇಡವೆಂದು ನಾನು ಅಸಿಟಾಲ್ಡಿಹೈಡ್ ಎಂದೇ ಬರೆಯುತ್ತೇನೆ), ಇನ್ನೂ ಮಾಡಿದರೆ ಅಸಿಟಿಕ್ ಆಮ್ಲ. ನೀರು ತೆಗೆದರೆ ಎಥೀನ್. ಎಥೀನ್‌ಗೆ ನೀರು ಸೇರಿಸಿದರೆ ಮತ್ತೆ ಎಥನಾಲ್. ಪ್ರತಿ ದಾರಿಯ ಮೇಲೂ ಏನು ಹಾಕಬೇಕು, ಎಷ್ಟು ಕಾಯಿಸಬೇಕು ಎಂದು ಬರೆಯಿರಿ. ವಾರಕ್ಕೊಮ್ಮೆ ಈ ನಕ್ಷೆಯನ್ನು ನೆನಪಿನಿಂದ ಹೊಸದಾಗಿ ಬರೆಯುವುದು ಅಭ್ಯಾಸವಾಗಲಿ.

ಕೈಕೊಡುವುದು ಜೋಡಿಗಳು. ಬ್ರೋಮೋಈಥೇನ್‌ಗೆ ನೀರಿನಲ್ಲಿ ಕರಗಿಸಿದ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹಾಕಿದರೆ ಮುಖ್ಯವಾಗಿ ಎಥನಾಲ್. ಅದನ್ನೇ ಆಲ್ಕೋಹಾಲ್‌ನಲ್ಲಿ ಕರಗಿಸಿ ಕಾಯಿಸಿದರೆ ಎಥೀನ್ ಎಂದು ಪುಸ್ತಕಗಳು ಬರೆಯುತ್ತವೆ. ಎಥನಾಲ್‌ಗೆ ಗಾಢ ಸಲ್ಫ್ಯೂರಿಕ್ ಆಮ್ಲ ಸೇರಿಸಿ ಸುಮಾರು 140 ಡಿಗ್ರಿಗೆ ಕಾಯಿಸಿದರೆ ಈಥರ್, 170ಕ್ಕೆ ಕಾಯಿಸಿದರೆ ಎಥೀನ್. ಇಂಥ ಜೋಡಿಗಳನ್ನು ಬೇರೆ ಬೇರೆ ದಿನ ಕಲಿಯಬೇಡಿ. ಪಕ್ಕಪಕ್ಕ ಇಟ್ಟು ‘ಬದಲಾಗಿದ್ದು ಏನು’ ಎಂದು ಕೇಳಿಕೊಳ್ಳಿ.

ಬಾಣ ಹಾಕಿ ಕ್ರಿಯೆಯ ಹಾದಿ ತೋರಿಸುವಾಗ ನಿಯಮ ಒಂದೇ: ಬಾಣ ಹೊರಡುವುದು ಎಲೆಕ್ಟ್ರಾನ್ ಇರುವಲ್ಲಿಂದ, ಮುಟ್ಟುವುದು ಎಲೆಕ್ಟ್ರಾನ್ ಬೇಕಾದಲ್ಲಿಗೆ. ಹೈಡ್ರೋಜನ್ ಅಯಾನಿನಿಂದ ಬಾಣ ಶುರು ಮಾಡುವುದು ಎಲ್ಲ ಹೊಸಬರ ತಪ್ಪು. ಅದರ ಹತ್ತಿರ ಕೊಡಲು ಎಲೆಕ್ಟ್ರಾನೇ ಇಲ್ಲ.

## ಹಂತ 7: ಬಣ್ಣ, ಪ್ರಕ್ಷೇಪ, ಜ್ವಾಲೆ

ಇದು ಬಹುಮಟ್ಟಿಗೆ ಕಾರ್ಡುಗಳ ಕೆಲಸ. ಸೋಡಿಯಂ ಜ್ವಾಲೆ ಹಳದಿ, ಪೊಟ್ಯಾಸಿಯಂ ತಿಳಿ ನೇರಳೆ, ಕ್ಯಾಲ್ಸಿಯಂ ಇಟ್ಟಿಗೆ ಕೆಂಪು, ಬೇರಿಯಂ ತಿಳಿ ಹಸಿರು. ಪ್ರಕ್ಷೇಪಗಳನ್ನು, ಅಂದರೆ ದ್ರಾವಣದಲ್ಲಿ ಕರಗದೆ ತಳಕ್ಕೆ ಕೂರುವ ಪುಡಿಯನ್ನು, ಸಾಧ್ಯವಾದ ಕಡೆ ಸಾಲಾಗಿ ಕಟ್ಟಿ: ಬೆಳ್ಳಿಯ ಕ್ಲೋರೈಡ್ ಬಿಳಿ, ಬ್ರೋಮೈಡ್ ಕೆನೆಬಣ್ಣ, ಅಯೋಡೈಡ್ ಹಳದಿ. ಗುಂಪಿನಲ್ಲಿ ಕೆಳಗಿಳಿದಂತೆ ಬಣ್ಣ ಗಾಢ, ಅಮೋನಿಯಾದಲ್ಲಿ ಕರಗುವುದು ಕಡಿಮೆ. ಲ್ಯಾಬ್‌ನಲ್ಲಿ ಕಣ್ಣಾರೆ ಕಂಡದ್ದನ್ನು ಅವತ್ತೇ ಕಾರ್ಡಿಗೆ ಇಳಿಸಿ. ನೋಡುವ ಆಸೆಗೆ ಮನೆಯಲ್ಲಿ ಮಾತ್ರ ಏನನ್ನೂ ಬೆರೆಸಲು ಹೋಗಬೇಡಿ.

## ಹಂತ 8: ಮರೆಯುವ ಮೊದಲು ಮತ್ತೆ ಭೇಟಿ

ಹರ್ಮನ್ ಎಬಿಂಗ್‌ಹೌಸ್ 1885ರಲ್ಲೇ ತನ್ನ ಮೇಲೆ ಪ್ರಯೋಗ ಮಾಡಿಕೊಂಡು ತೋರಿಸಿದ್ದು ಇದು: ಕಲಿತದ್ದು ಮೊದಲ ಗಂಟೆಗಳಲ್ಲಿ ವೇಗವಾಗಿ ಜಾರುತ್ತದೆ, ಆಮೇಲೆ ನಿಧಾನ. ಹಾಗಾಗಿ ಮೊದಲ ಭೇಟಿ ಮಾರನೇ ದಿನವೇ ಆಗಬೇಕು. ಆಮೇಲೆ 3ನೇ ದಿನ, 7ನೇ ದಿನ, 21ನೇ ದಿನ. ಈ ಅಂಕಿಗಳು ಅನುಕೂಲಕ್ಕೆ ಇಟ್ಟುಕೊಂಡವು. ಒಂದು ದಿನ ಆಚೀಚೆ ಆದರೆ ಏನೂ ಆಗುವುದಿಲ್ಲ.

ಕಾರ್ಡುಗಳಿಗೆ ಐದು ಖಾನೆಯ ಡಬ್ಬಿ ಮಾಡಿಕೊಳ್ಳಿ. ಉತ್ತರ ಸರಿ ಇದ್ದರೆ ಕಾರ್ಡ್ ಮುಂದಿನ ಖಾನೆಗೆ, ತಪ್ಪಿದರೆ ಮತ್ತೆ ಒಂದನೇ ಖಾನೆಗೆ. ಒಂದನೇ ಖಾನೆ ದಿನಾ ನೋಡಬೇಕು, ಐದನೆಯದು ತಿಂಗಳಿಗೊಮ್ಮೆ ಸಾಕು. ಉತ್ತರವನ್ನು ಬಾಯಲ್ಲಿ ಹೇಳಿ ಅಥವಾ ಬರೆದ ನಂತರವೇ ಕಾರ್ಡ್ ತಿರುಗಿಸಿ. ‘ಹಾಂ, ಇದೇ ಅಂದುಕೊಂಡಿದ್ದೆ’ ಎನ್ನುವುದು ತಪ್ಪು ಉತ್ತರದ ಲೆಕ್ಕಕ್ಕೆ.

ಲೆಕ್ಕಗಳನ್ನೂ ಕಲಸಿ ಮಾಡಿ. ಮೋಲ್ ಪಾಠದ ಹಿಂದಿರುವ 20 ಲೆಕ್ಕವನ್ನು ಒಂದೇ ಸಲ ಮಾಡಿದರೆ ಹತ್ತನೆಯದಕ್ಕೆ ಕೈ ತಾನಾಗಿ ಓಡುತ್ತದೆ, ತಲೆ ಮಲಗಿರುತ್ತದೆ. ಎರಡು ಮೋಲ್, ಎರಡು ಅನಿಲ, ಎರಡು ಆಮ್ಲ-ಪ್ರತ್ಯಾಮ್ಲ ಎಂದು ಬೆರೆಸಿದರೆ ಯಾವ ವಿಧಾನ ಹಿಡಿಯಬೇಕು ಎಂಬುದನ್ನೂ ನೀವೇ ತೀರ್ಮಾನಿಸಬೇಕಾಗುತ್ತದೆ. ಪರೀಕ್ಷೆಯಲ್ಲಿ ಪ್ರಶ್ನೆಯ ತಲೆಯ ಮೇಲೆ ಪಾಠದ ಹೆಸರು ಬರೆದಿರುವುದಿಲ್ಲ.

## ಹಂತ 9: ತಪ್ಪಿನ ಪುಸ್ತಕ

ಪ್ರತಿ ತಪ್ಪಿಗೂ ಮೂರು ಸಾಲು: ಪ್ರಶ್ನೆ ಏನು, ನಾನು ಏನು ಮಾಡಿದೆ, ಯಾಕೆ ಹಾಗೆ ಮಾಡಿದೆ. ಸರಿಯುತ್ತರ ಬರೆಯಬೇಡಿ, ವಾರದ ನಂತರ ನೀವೇ ಮತ್ತೆ ಬಿಡಿಸಬೇಕು. ‘ಗಡಿಬಿಡಿ ಆಯ್ತು’ ಎಂಬುದು ಕಾರಣ ಅಲ್ಲ. ‘ಐದನೇ ಸಾಲಿನಲ್ಲಿ ಮಿಲಿಲೀಟರನ್ನು ಲೀಟರ್ ಮಾಡಲಿಲ್ಲ’ ಎಂಬುದು ಕಾರಣ. 15 ತಪ್ಪು ಸೇರುವಷ್ಟರಲ್ಲಿ ಅವೇ ಮೂರ್ನಾಲ್ಕು ತಿರುಗಿ ಬರುತ್ತಿರುವುದು ಕಾಣುತ್ತದೆ.

## ದಾರಿ ತಪ್ಪಿದೆ ಎಂದು ತೋರಿಸುವ ಲಕ್ಷಣಗಳು

ನೋಟ್ಸ್ ದಿನೇ ದಿನೇ ಚಂದವಾಗುತ್ತಿದೆ, ಮಾಡಿದ ಲೆಕ್ಕಗಳ ಸಂಖ್ಯೆ ಮಾತ್ರ ಏರುತ್ತಿಲ್ಲ. ಉತ್ತರ ನೋಡಿದ ತಕ್ಷಣ ‘ಇದು ನನಗೆ ಗೊತ್ತಿತ್ತು’ ಎನ್ನಿಸುತ್ತಿದೆ. ಅಂಕಿ ಬದಲಿಸಿದರೆ ಲೆಕ್ಕ ಬರುತ್ತದೆ, ಪ್ರಶ್ನೆಯ ವಾಕ್ಯ ಬದಲಿಸಿದರೆ ಬರುವುದಿಲ್ಲ. ಬರುವ ಪಾಠವನ್ನೇ ಮತ್ತೆ ಮತ್ತೆ ತೆಗೆಯುತ್ತಿದ್ದೀರಿ, ಯಾಕೆಂದರೆ ಅದು ಹಿತವಾಗಿದೆ. ಒಂದನೇ ಖಾನೆಯಲ್ಲಿ 60 ಕಾರ್ಡ್ ಕೂತಿವೆ.

ಕೊನೆಯದು ಆದಾಗ ಹೊಸ ಕಾರ್ಡ್ ಮಾಡುವುದನ್ನು ನಾಲ್ಕು ದಿನ ನಿಲ್ಲಿಸಿ. ಒಂದನೇ ಖಾನೆ 20ಕ್ಕೆ ಇಳಿಯಲಿ. ಒಂದೇ ಕಾರ್ಡ್ ಐದಾರು ಸಲ ಹಿಂದಕ್ಕೆ ಬರುತ್ತಿದ್ದರೆ ಅದನ್ನು ಹರಿದು ಹಾಕಿ, ಪ್ರಶ್ನೆಯನ್ನು ಎರಡು ತುಂಡು ಮಾಡಿ ಹೊಸದಾಗಿ ಬರೆಯಿರಿ.